ಮಗಳಿಗೊಂದು ಪತ್ರ: ಚಿಕಾನೋ ಕಲೆಗೆ ಬೇರೆ ಮನೆ ಯಾಕೆ ಬೇಕು

ಪುಟ್ಟಿ,

ಮೊನ್ನೆ ಫೋನಲ್ಲಿ ನೀನಂದಿದ್ದು ಇನ್ನೂ ತಲೇಲೇ ಕೊರೀತಿದೆ. ಚಿಕಾನೋ ಆರ್ಟ್‌ಗೆ, ಅಂದ್ರೆ ಅಮೆರಿಕದಲ್ಲಿರೋ ಮೆಕ್ಸಿಕನ್ ಮೂಲದೋರ ಕಲೆಗೆ ಅಂತ ಬೇರೆ ಮ್ಯೂಸಿಯಂ ಯಾಕಮ್ಮ, ದೊಡ್ಡ ಮ್ಯೂಸಿಯಂಗಳಲ್ಲಿ ಎಲ್ಲರ ಜೊತೆ ಇರ್ಬೇಕಲ್ವಾ, ಬೇರೆ ಇಟ್ರೆ ಪಕ್ಕಕ್ಕೆ ತಳ್ಳಿದ ಹಾಗಲ್ವಾ ಅಂದೆ. ನ್ಯೂಯಾರ್ಕಲ್ಲಿ ಮ್ಯೂಸಿಯಂ ಸ್ಟಡೀಸ್ ಓದ್ತಿರೋಳು ನೀನು, ನಾನು ಕ್ಯಾಲಿಫೋರ್ನಿಯಾದ ರಿವರ್‌ಸೈಡಲ್ಲಿ ಸಂಸಾರ ಮಾಡ್ಕೊಂಡು ವೀಕೆಂಡಲ್ಲಿ ಅಲ್ಲಿ ಇಲ್ಲಿ ಹೋಗಿ ನೋಡ್ಕೊಂಡು ಬರೋಳು, ಆದ್ರೂ ಈ ಮಾತು ಮಾತ್ರ ನಾನು ಒಪ್ಪಲ್ಲ ಕಣೆ. ಫೋನಲ್ಲಿ ಹೇಳಕ್ಕೋದ್ರೆ ಮಧ್ಯ ಬಾಯಿ ಹಾಕ್ತೀಯ, ಅದಕ್ಕೇ ಬರೀತಿದೀನಿ.

1972ರಲ್ಲಿ ಏನಾಯ್ತು ನೋಡು. ಈಸ್ಟ್ ಲಾಸ್ ಏಂಜಲೀಸ್‌ನ ಚಿಕಾನೋ ಹುಡುಗ ಹ್ಯಾರಿ ಗಂಬೋವಾ ಲಾಸ್ ಏಂಜಲೀಸ್ ಕೌಂಟಿ ಮ್ಯೂಸಿಯಂಗೆ ಹೋಗಿ ಇಲ್ಲಿ ನಮ್ಮೋರ ಕೆಲಸ ಯಾಕಿಲ್ಲ ಅಂತ ಕೇಳಿದ್ನಂತೆ. ಅಲ್ಲಿನ ಕ್ಯುರೇಟರ್ ಒಬ್ರು ಚಿಕಾನೋಗಳು ಮಾಡೋದು ಜಾನಪದ ಕಲೆ, ಇಲ್ಲಾಂದ್ರೆ ಗ್ಯಾಂಗ್ ಸೇರ್ಕೋತಾರೆ ಅನ್ನೋ ಥರ ಉತ್ತರ ಕೊಟ್ರಂತೆ, ಇದು ಗಂಬೋವಾನೇ ಹೇಳಿರೋ ಕಥೆ. ಆಮೇಲೆ ರಾತ್ರಿ ತನ್ನ ಕಲಾವಿದರ ಗುಂಪಿನ ಗ್ರಾಂಕ್, ವಿಲ್ಲಿ ಹೆರೋನ್ ಜೊತೆ ಹೋಗಿ ಮ್ಯೂಸಿಯಂ ಬಾಗಿಲ ಹತ್ರ ಇದ್ದ ಸೇತುವೆ ಮೇಲೆ ಮೂರೂ ಜನ ತಮ್ಮ ಹೆಸರು ಸ್ಪ್ರೇ ಪೇಂಟಲ್ಲಿ ಬರೆದ್ರು. ಬೆಳಗ್ಗೆ ವಾಪಸ್ ಬಂದು, ಗುಂಪಿನ ಇನ್ನೊಬ್ಬಳು ಪ್ಯಾಟ್ಸಿ ವಾಲ್ಡೆಸ್‌ನ ಆ ಹೆಸರುಗಳ ಮೇಲ್ಗಡೆ ನಿಲ್ಲಿಸಿ ಗಂಬೋವಾ ಫೋಟೋ ತೆಗೆದ. ಚಿತ್ರಕ್ಕೆ ಸಹಿ ಹಾಕೋ ಬದ್ಲು ಇಡೀ ಮ್ಯೂಸಿಯಂಗೇ ಸಹಿ ಹಾಕಿದ್ರು ನೋಡು, ಎಂಥಾ ಧೈರ್ಯ! ಮ್ಯೂಸಿಯಂನೋರು ಸುಣ್ಣ ಬಳಿದಂಗೆ ಬಳಿದು ಅಳಿಸಿದ್ರು, ಫೋಟೋ ಉಳೀತು. ಆ ಗುಂಪಿನ ಹೆಸರು ಆಸ್ಕೋ, ಅದೇ ಮ್ಯೂಸಿಯಂ ಅವರ ಕೆಲಸಕ್ಕೆ ಅಂತ ದೊಡ್ಡ ಪ್ರದರ್ಶನ ಮಾಡಿದ್ದು 2011ರಲ್ಲಿ. ಅಷ್ಟೊತ್ತಿಗೆ ಆ ಹುಡುಗರಿಗೆಲ್ಲ ವಯಸ್ಸಾಗಿತ್ತು.

ನೀನು ತಕ್ಷಣ ಅಂತೀಯ, 1974ರಲ್ಲೇ ಅಲ್ಲಿ ಲಾಸ್ ಫೋರ್ ಅನ್ನೋ ಇನ್ನೊಂದು ಚಿಕಾನೋ ಗುಂಪಿನ ಶೋ ಆಯ್ತಲ್ಲಮ್ಮ, ಬಾಗಿಲು ತೆಗೀತಲ್ಲ ಅಂತ. ತೆಗೀತು, ಇಲ್ಲ ಅನ್ನಲ್ಲ, ಕಾರ್ಲೋಸ್ ಅಲ್ಮರಾಜ್, ಫ್ರಾಂಕ್ ರೊಮೆರೊ, ಮಾಗು ಲುಹಾನ್, ಬೆಟೊ ಡೆ ಲಾ ರೋಚಾ ನಾಲ್ಕೂ ಜನರ ಕೆಲಸ ಒಳಗೆ ಹೋಯ್ತು. ಆದ್ರೆ ಶೋ ಅನ್ನೋದು ನೆಂಟರು ಬಂದ ಹಾಗೆ ಕಣೆ, ಇದ್ದಷ್ಟು ದಿನ ಉಪಚಾರ, ಹೊರಟ ಮೇಲೆ ಯಾರ ಕೋಣೆ ಯಾರಿಗೆ ಅಂತ ಗೊತ್ತಾಗೋದು. 1990ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಯೂನಿವರ್ಸಿಟಿಯಲ್ಲಿ ಶುರುವಾದ ಆ ದೊಡ್ಡ ಚಿಕಾನೋ ಪ್ರದರ್ಶನ, ನೀವು ಕಾರಾ ಅಂತ ಓದಿರ್ತೀರಲ್ಲ, ಅದೂ ಅಷ್ಟೇ. ಬೇರೆ ಬೇರೆ ಪ್ರದೇಶದ ಕಮಿಟಿಗಳನ್ನೆಲ್ಲ ಕೂರಿಸಿಕೊಂಡು ಮಾಡಿದ್ರು, ಡೆನ್ವರ್, ಎಲ್ ಪಾಸೊ, ಬ್ರಾಂಕ್ಸ್ ಅಂತ 1993ರವರೆಗೂ ಸುತ್ತಿತು, ಆಮೇಲೆ ಮಾಮೂಲಿನಂತೆ ತಂದಿದ್ದು ತಂದೋರಿಗೆ ವಾಪಸ್. ಕ್ಯಾಟಲಾಗ್ ಉಳ್ಕೊಳುತ್ತೆ, ಗೋಡೆ ಉಳಿಯಲ್ಲ.

ಗೋಡೆ ಉಳ್ಸಿಕೊಂಡಿದ್ದು ಯಾರು ಗೊತ್ತಾ, ಮ್ಯೂಸಿಯಂಗೆ ಕಾಯ್ದೇ ಇದ್ದೋರು. ಸ್ಯಾನ್ ಡಿಯೇಗೊದಲ್ಲಿ ಚಿಕಾನೋಗಳ ಕೇರಿ ಬ್ಯಾರಿಯೊ ಲೋಗನ್‌ನಲ್ಲಿ ಮೊದ್ಲು ಫ್ರೀವೇ ಬಂದು ಕೇರಿ ಇಬ್ಭಾಗ ಆಯ್ತು, 1969ರಲ್ಲಿ ಕೊರೊನಾಡೊ ಸೇತುವೆ ಬಂದು ಅದರ ಕಂಬಗಳು ಮನೆಗಳ ಮಧ್ಯನೇ ಎದ್ದವು. ಸೇತುವೆ ಕೆಳಗೆ ಪಾರ್ಕ್ ಮಾಡ್ತೀವಿ ಅಂದಿದ್ದ ಜಾಗದಲ್ಲಿ ಹೈವೇ ಪೊಲೀಸ್ ಸ್ಟೇಷನ್ ಕಟ್ಟಕ್ಕೆ ಬುಲ್ಡೋಜರ್ ಬಂತು, 1970ರ ಏಪ್ರಿಲ್ 22ಕ್ಕೆ ಜನ ಹೋಗಿ ಕೂತ್ಕೊಂಡ್ರು, 12 ದಿನ ಜಾಗ ಬಿಡಲಿಲ್ಲ, ಪಾರ್ಕ್ ತಗೊಂಡೇ ಎದ್ರು. 1973ರಿಂದ ಅದೇ ಕಾಂಕ್ರೀಟ್ ಕಂಬಗಳ ಮೇಲೆ ಚಿತ್ರ ಬರೀತಾ ಬಂದ್ರು. ಕೇರಿ ಒಡೆದಿದ್ದ ಸೇತುವೆನೇ ಅವರ ಕ್ಯಾನ್ವಾಸ್. ಅದನ್ನ ಎತ್ಕೊಂಡು ಹೋಗಿ ನಿಮ್ಮ ಮ್ಯಾನ್‌ಹ್ಯಾಟನ್ ಗ್ಯಾಲರಿಯಲ್ಲಿ ಇಡಕ್ಕಾಗುತ್ತಾ?

ಇನ್ನು ನಮ್ಮೂರಿನ ಚಿಕಾನೋ ಮ್ಯೂಸಿಯಂ, ಚೀಚ್ ಸೆಂಟರ್. 2022ರ ಜೂನಲ್ಲಿ ಹಳೇ ಲೈಬ್ರರಿ ಬಿಲ್ಡಿಂಗಲ್ಲಿ ಶುರುವಾಯ್ತು. ಕಾಮಿಡಿಯನ್ ಚೀಚ್ ಮರೀನ್ 80ರ ದಶಕದಿಂದ ಕೊಂಡು ಕೂಡಿಟ್ಟಿದ್ದರಲ್ಲಿ 500ಕ್ಕೂ ಹೆಚ್ಚು ಕೆಲಸ ಕೊಟ್ಟಿದಾನೆ. ಒಬ್ಬ ಸ್ಟಾರ್‌ನ ರುಚಿಗೆ ಇಡೀ ಮ್ಯೂಸಿಯಂ ಹೆಸರು ಇಟ್ಟಿದ್ದು ಸರೀನಾ ಅಂತ ನೀನು ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆನೇ, ನಂಗೂ ಅಲ್ಲಿ ಪೇಂಟಿಂಗ್ ಜಾಸ್ತಿ, ಪೋಸ್ಟರ್ ಕಮ್ಮಿ ಅನ್ಸುತ್ತೆ. ಆದ್ರೆ ಊರು ನೋಡು. ರಿವರ್‌ಸೈಡ್ ದುಡ್ಡು ಮಾಡಿದ್ದೇ ಕಿತ್ತಳೆಯಲ್ಲಿ, 1873ರಲ್ಲಿ ತರಿಸಿದ ನೇವಲ್ ಆರೆಂಜ್ ಗಿಡಕ್ಕೆ ಈಗ್ಲೂ ಬೇಲಿ ಹಾಕಿ ಬೋರ್ಡ್ ಹಾಕಿದಾರೆ, ಹಣ್ಣು ಕಿತ್ತು ಡಬ್ಬಕ್ಕೆ ತುಂಬಿದ ಕಾಸಾ ಬ್ಲಾಂಕಾ ಕೇರಿಯ ಮೆಕ್ಸಿಕನ್ ಸಂಸಾರಗಳಿಗೆ ಇಷ್ಟು ದಿನ ಪೇಟೆ ಮಧ್ಯ ಏನಿತ್ತು? ಈಗ ಅವರ ಮೊಮ್ಮಕ್ಕಳು ಸ್ಕೂಲ್ ಬಸ್ಸಲ್ಲಿ ಬಂದು ಒಳಗೆ ಹೋಗ್ತಿದ್ದ ಹಾಗೆ 26 ಅಡಿ ಎತ್ತರದ ಡೆ ಲಾ ಟೊರೆ ಬ್ರದರ್ಸ್ ಮಾಡಿದ ಚಿತ್ರ ಎದುರಿಗೆ ನಿಲ್ಲುತ್ತೆ, ನಡೀತಾ ಹೋದ ಹಾಗೆ ಆಜ್ಟೆಕ್ ದೇವಿ ರೋಬೋಟ್ ಆಗ್ಬಿಡ್ತಾಳೆ, ಮಕ್ಕಳು ಹಿಂದೆ ಮುಂದೆ ಓಡಾಡಿ ನೋಡ್ತಾನೇ ಇರ್ತಾರೆ, ಟೀಚರ್ ಗಂಟಲು ಹರ್ಕೋತಿರ್ತಾರೆ.

ಪೋಸ್ಟರ್ ಅಂದೆನಲ್ಲ, ಎಸ್ಟರ್ ಹೆರ್ನಾಂಡೆಜ್ 1982ರಲ್ಲಿ ಮಾಡಿದ ಸನ್ ಮ್ಯಾಡ್ ನೋಡಿದೀಯಲ್ಲ. ಪಾಯಸಕ್ಕೆ ಹಾಕಕ್ಕೆ ನಾನು ತರ್ತೀನಲ್ಲ ಕೆಂಪು ಡಬ್ಬದ ಸನ್-ಮೇಡ್ ಒಣದ್ರಾಕ್ಷಿ, ಅದರ ಮೇಲಿನ ಹುಡುಗೀನೇ, ಅದೇ ಕೆಂಪು ಬಾನೆಟ್, ಅದೇ ದ್ರಾಕ್ಷಿ ಬುಟ್ಟಿ, ಮುಖ ಮಾತ್ರ ತಲೆಬುರುಡೆ, ಕೈ ಬರೀ ಮೂಳೆ. ಕೆಳಗೆ ಯಾವ್ಯಾವ ಕೀಟನಾಶಕ, ಕಳೆನಾಶಕದಲ್ಲಿ ಬೆಳೆದಿದ್ದು ಅಂತ ಬೇರೆ ಬರ್ದಿದಾಳೆ. ಅವಳದ್ದು ಕ್ಯಾಲಿಫೋರ್ನಿಯಾದ ಡೈನೂಬಾ ಕಡೆ ಹೊಲದಲ್ಲಿ ಕೂಲಿ ಮಾಡಿದ ಮನೆ, ಆ ಊರಿನ ಕುಡಿಯೋ ನೀರಿಗೆ ವಿಷ ಸೇರಿತ್ತು. ವಾಷಿಂಗ್ಟನ್‌ನ ದೊಡ್ಡ ಮ್ಯೂಸಿಯಂ ಸ್ಮಿತ್ಸೋನಿಯನ್ ಹತ್ರನೂ ಇದೆ ಅದು, ಇರ್ಲಿ, ಒಳ್ಳೇದೇ. ಆದ್ರೆ ದ್ರಾಕ್ಷಿ ಕಿತ್ತೋರು ಇರೋ ಕಡೆ ಅದನ್ನ ನೋಡೋದೇ ಬೇರೆ, ಪಕ್ಕದಲ್ಲಿ ನಿಂತಿರೋ ಅಜ್ಜಿಗೆ ಲೇಬಲ್ ಓದೋ ಅಗತ್ಯನೇ ಇರಲ್ಲ.

ನಿನ್ನ ಮಾತಲ್ಲಿ ಒಂದು ಹೌದು. ಚೀಚ್ ಇದೆಯಲ್ಲ, ಇನ್ನು ನಾವ್ಯಾಕೆ ಕೊಳ್ಳೋದು ಅಂತ ದೊಡ್ಡ ಮ್ಯೂಸಿಯಂಗಳು ಕೈ ತೊಳ್ಕೋಬಹುದು, ಅದಕ್ಕೆ ಬಿಡಬಾರದು. ಅದಕ್ಕೆ ಒಂದು ಕೆಲಸ ಮಾಡು, ನಿಮ್ಮಲ್ಲಿ ಯಾವುದಾದ್ರೂ ದೊಡ್ಡ ಮ್ಯೂಸಿಯಂಗೆ ಹೋಗಿ, ಟೆಂಪರರಿ ಶೋ ಬಿಟ್ಟು, ವರ್ಷಪೂರ್ತಿ ಇರೋ ಗೋಡೆ ಮೇಲೆ ಚಿಕಾನೋ ಕೆಲಸ ಎಷ್ಟಿದೆ ಅಂತ ಎಣಿಸ್ಕೊಂಡು ಬಾ. ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಾಗ ಸ್ಯಾನ್ ಡಿಯೇಗೊಗೆ ಡ್ರೈವ್ ಮಾಡ್ತಾ ಜಗಳ ಮುಂದುವರ್ಸೋಣ, ಅಪ್ಪ ಹಿಂದೆ ಕೂತು ನಿದ್ದೆ ಮಾಡ್ಲಿ.

ಅಮ್ಮ