ಮಗಳಿಗೊಂದು ಪತ್ರ: ಆ ಹನ್ನೆರಡು ಟೈಯ ಬಾಕ್ಸ್ ತೆಗೀಬೇಡ

ಪುಟ್ಟೀ,

ನೀನು ಮೊನ್ನೆ ರಾತ್ರಿ ಫೋನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲೇ ಉಂಟು, ಡ್ಯೂಟಿ ಮ್ಯಾನೇಜರ್ ಆದೆ ಅಪ್ಪ, ಇನ್ನು ಹೋಟೆಲಿನವರು ಕೊಡುವ, ಗಂಟು ಮೊದಲೇ ಹಾಕಿದ ಝಿಪ್ ಟೈ ಬೇಡ, ನಂದೇ ಟೈ ಹಾಕ್ಬಹುದು ಅಂತ. ಅಮ್ಮ ಪ್ರಮೋಶನ್ ಅಂತ ಕೇಳಿದ್ದೇ ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿಕೊಂಡು ಆಯ್ತು. ನಾನು ಮಾತ್ರ ಟೈ ಅಂದದ್ದನ್ನೇ ಹಿಡ್ಕೊಂಡು ಕೂತಿದ್ದೇನೆ. ಹತ್ತೊಂಬತ್ತು ವರ್ಷ ದುಬೈಯ ದೇರಾದಲ್ಲಿ ಗಂಡಸರ ಬಟ್ಟೆ ಅಂಗಡಿಯಲ್ಲಿ ನಿಂತವನಿಗೆ, ಮನೆಗೆ ಬಂದ ಮೇಲೆ ಟೈ ಬಗ್ಗೆ ಒಂದು ಮಾತು ಕೇಳಿದವರು ನೀನೇ ಮೊದಲು.

ಆಮೇಲೆ ನೀನು ವಾಟ್ಸಾಪಲ್ಲಿ ಕಳಿಸಿದ ಫೋಟೊ ನೋಡಿದೆ. ಹನ್ನೆರಡು ಟೈ, ಜೊತೆಗೆ ಕರ್ಚೀಫು, ಕಫ್‌ಲಿಂಕು, ಪಿನ್ನು ಎಲ್ಲ ಸೇರಿ ಒಂದೇ ಬಾಕ್ಸಲ್ಲಿ. ತೆಗೀಬೇಡ ಮಾರಾಯ್ತಿ. ಫೋನಲ್ಲಿ ಹೇಳಿದ್ರೆ ಅರ್ಧದಲ್ಲಿ ನಿನಗೆ ಯಾರೋ ಗೆಸ್ಟ್ ಬರ್ತಾರೆ, ಹಾಗೆ ಬರೀತಾ ಇದ್ದೇನೆ. ಇಲ್ಲಿ ಆಟಿಯ ಮಳೆ ಬಿಡ್ಲೇ ಇಲ್ಲ, ಅಡಿಕೆಗೆ ಎರಡನೇ ಸಲದ ಮದ್ದು ಬಿಡುದು ನಿಂತಿದೆ, ಜಗಲಿಯಲ್ಲಿ ಕೂತು ಬರೀಲಿಕ್ಕೆ ಪುರ್ಸೊತ್ತು ಉಂಟು.

ಮೊದಲು ಕೈಗೆ ಕಲಿಸಬೇಕು, ಕಣ್ಣಿಗೆ ಆಮೇಲೆ. ನಮ್ಮಲ್ಲಿಗೆ ಅಡಿಕೆ ನೋಡ್ಲಿಕ್ಕೆ ಬರುವವರನ್ನು ನೀನು ಚಿಕ್ಕಂದಿನಿಂದ ನೋಡಿದ್ದಿ, ಗೋಣಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಕುಲುಕಿ ಶಬ್ದ ಕೇಳ್ತಾರೆ, ಒಂದನ್ನು ತುಂಡು ಮಾಡಿ ಒಳಗೆ ನೋಡ್ತಾರೆ, ಇದು ಡಬಲ್ ಚೋಲು, ಇದು ಪಟೋರ, ಇದು ಕರಿಗೋಟು ಅಂತ ದರ್ಜೆ ಹೇಳಿ ಮುಗೀತು. ಟೈಗೂ ಹಾಗೇ. ಅಂಗಡಿಗೆ ಹೋದ್ರೆ ಟೈಯ ಸಪೂರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಕೆಳಗೆ ಇಳಿಬಿಡು. ನೆಟ್ಟಗೆ ನಿಂತ್ರೆ ಒಳ್ಳೆದು, ಬಳ್ಳಿ ಹಾಗೆ ತಿರುಚಿಕೊಂಡ್ರೆ ಅದನ್ನು ಅಲ್ಲೇ ಬಿಡು. ಯಾಕೆ ಅಂತ ಕೇಳಿದ್ರೆ, ಟೈಗೆ ಬಟ್ಟೆ ಕತ್ತರಿಸುದು ನೇರ ಅಲ್ಲ, 45 ಡಿಗ್ರಿ ಓರೆಗೆ. ಅಮ್ಮನ ರವಿಕೆಯ ಕುತ್ತಿಗೆಗೆ ಟೈಲರ್ ಹಾಕುವ ಕ್ರಾಸ್ ಪೀಸ್ ಉಂಟಲ್ಲ, ಅದೇ ಲೆಕ್ಕ. ಓರೆ ಬಟ್ಟೆ ಎಳೆದಾಗ ಸ್ವಲ್ಪ ಬಿಟ್ಟುಕೊಡ್ತದೆ, ಬಿಟ್ಟಾಗ ವಾಪಸ್ ಬರ್ತದೆ, ಹಾಗಾಗಿ ಗಂಟು ಹಾಕಿ ಬಿಚ್ಚಿದ್ರೂ ಟೈ ಕೆಡುದಿಲ್ಲ. ಹಿಂದೆ ಹೀಗೆ ಇರ್ಲಿಲ್ಲ, 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಅಂತ ಒಬ್ಬರು ಟೈ ಹೊಲಿಯುವವರು ಬಟ್ಟೆಯನ್ನು ಓರೆಗೆ ಕತ್ತರಿಸಿ ಮೂರು ತುಂಡು ಜೋಡಿಸುವ ಕ್ರಮ ತಂದು ಅದಕ್ಕೆ ಪೇಟೆಂಟೂ ತೆಗೊಂಡರು, ಇವತ್ತಿಗೂ ಲೋಕದ ಹೆಚ್ಚಿನ ಟೈ ಎಲ್ಲ ಅದೇ ಕ್ರಮದ್ದು. ಆದ್ರೆ ಓರೆಗೆ ಕತ್ತರಿಸಿದ್ರೆ ಬಟ್ಟೆ ತುಂಬ ವೇಸ್ಟ್ ಆಗ್ತದೆ, ಅದನ್ನು ಉಳಿಸ್ಲಿಕ್ಕೆ ಹೋದವನ ಟೈ ಕೈಯಲ್ಲಿ ತಿರುಗ್ತದೆ.

ಮತ್ತೆ ಅದನ್ನು ಮಗುಚಿ ಹಿಂದೆ ನೋಡು. ಅಗಲದ ತುದಿಯ ಹತ್ತಿರ ಒಳಗೆ ಒಂದು ಸಡಿಲ ನೂಲು, ಸಣ್ಣ ಕುಣಿಕೆ ಹಾಗೆ ಕಾಣ್ತದೆ. ಅದು ಬಿಟ್ಟುಹೋದ ನೂಲಲ್ಲ, ಕತ್ತರಿ ಹಾಕ್ಬೇಡ! ಇಡೀ ಟೈಯ ಬೆನ್ನು ಆ ಒಂದೇ ನೂಲಲ್ಲಿ ಸಡಿಲವಾಗಿ ಹೊಲಿದಿರ್ತದೆ, ಟೈ ಎಳೆದಾಗ ನೂಲು ಒಳಗೆ ಜಾರ್ತದೆ, ಹಾಗಾಗಿ ತುಂಡಾಗುದಿಲ್ಲ. ಇನ್ನು ಮಧ್ಯಭಾಗವನ್ನು ಮುಷ್ಟಿಯಲ್ಲಿ ಹಿಂಡಿ ಬಿಡು, ಒಳಗೆ ಉಣ್ಣೆಯ ಪಟ್ಟಿ ಇದ್ರೆ ಸುಕ್ಕು ನಿನ್ನ ಎದುರೇ ಬಿಚ್ಚಿಕೊಳ್ತದೆ, ಕಾಗದ ಹಾಗೆ ಮುದುಡಿಯೇ ನಿಂತ್ರೆ ಒಳಗಿನ ಮಾಲು ಸುಮಾರು ಅಂತಲೇ. ರೇಷ್ಮೆಯೋ ಪಾಲಿಯೆಸ್ಟರೋ ಅಂತ ಸಂಶಯ ಇದ್ರೆ, ಮನೆಗೆ ತಂದ ಮೇಲೆ ಒಂದು ಎಳೆ ತೆಗೆದು ಸುಡು, ಕೂದಲು ಸುಟ್ಟ ವಾಸನೆ ಬಂದು ಪುಡಿಪುಡಿ ಬೂದಿ ಆದ್ರೆ ರೇಷ್ಮೆ, ಕರಗಿ ಗಟ್ಟಿ ಮಣಿ ಆದ್ರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಟೈಯ ಗಂಟು ಜಾರ್ತದೆ ಪುಟ್ಟಿ, ನೀನು ಎಂಟು ಗಂಟೆ ನಿಂತ್ಕೊಂಡು ಕೆಲಸ ಮಾಡುವವಳು, ಗಂಟೆಗೊಂದು ಸಲ ಕುತ್ತಿಗೆಗೆ ಕೈ ಹೋಗುವ ಹಾಗೆ ಆಗ್ಬಾರ್ದು.

ಈಗ ಯಾವುದು ಮೊದಲು ಅಂತ. ಒಂದೇ ಟೈ ತೆಗೊಳ್ಳುದಾದ್ರೆ ಕಡು ನೀಲಿ, ಡಿಸೈನ್ ಇಲ್ಲದ್ದು, ಗ್ರೆನಡೀನ್ ನೇಯ್ಗೆಯದ್ದು. ಹತ್ತಿರದಿಂದ ನೋಡಿದ್ರೆ ಸಣ್ಣ ಬಲೆ ಹಾಗೆ ಕಾಣ್ತದೆ, ದೂರದಿಂದ ಬರೀ ನೀಲಿ. ಇದನ್ನು ನೇಯುದು ಇಟಲಿಯ ಕೋಮೋದಲ್ಲಿ, ಸಣ್ಣ ಕಣ್ಣಿನದ್ದಕ್ಕೆ ಗಾರ್ಜಾ ಫೀನಾ, ದೊಡ್ಡ ಕಣ್ಣಿನದ್ದಕ್ಕೆ ಗಾರ್ಜಾ ಗ್ರೋಸಾ ಅಂತಾರೆ, ನಿನಗೆ ಸಣ್ಣ ಕಣ್ಣಿನದ್ದೇ ಸರಿ. ಬಿಳಿ ಶರ್ಟಿಗೂ ಆಗ್ತದೆ, ತಿಳಿನೀಲಿ ಶರ್ಟಿಗೂ ಆಗ್ತದೆ, ಗೀಟಿನ ಶರ್ಟಿಗೂ ಆಗ್ತದೆ, ಬೂದು ಕೋಟು ನೀಲಿ ಕೋಟು ಎರಡಕ್ಕೂ ಕೂತುಕೊಳ್ತದೆ. ಬೆಲೆ ಮಾತ್ರ ನಿನ್ನ ಆ ಹನ್ನೆರಡರ ಬಾಕ್ಸಿಗಿಂತ ಎಷ್ಟೋ ಪಟ್ಟು ಜಾಸ್ತಿ, ಅದಕ್ಕೇ ಹೇಳುದು, ವರ್ಷಕ್ಕೆ ಎರಡು ತೆಗೋ ಸಾಕು, ಮೂರು ವರ್ಷದಲ್ಲಿ ಆರಾಗ್ತದೆ, ಆರು ಸರಿಯಾದ ಟೈ ಇದ್ದವರಿಗೆ ಬೇರೆ ಎಂತದೂ ಬೇಡ.

ಎರಡನೇದು ಪುನರ್ಪುಳಿ ಬಣ್ಣದ್ದು, ಕಡು ಕೆಂಪು. ಅಂಗಡಿಯವರು ಬರ್ಗಂಡಿ ಅಂತಾರೆ, ನಾನು ದೇರಾದಲ್ಲಿ ಹತ್ತೊಂಬತ್ತು ವರ್ಷ ಬರ್ಗಂಡಿ ಅಂತ ಹೇಳಿ ಮಾರಿದೆ, ಮನಸ್ಸಲ್ಲಿ ಮಾತ್ರ ಪ್ರತಿ ಸಲವೂ ಅಮ್ಮ ಏಪ್ರಿಲಲ್ಲಿ ಒಣಗಿಸುವ ಪುನರ್ಪುಳಿ ಸಿಪ್ಪೆಯೇ ಬರ್ತಿತ್ತು. ಅದರಲ್ಲಿ ಸಣ್ಣ ಬಿಳಿ ಚುಕ್ಕೆ ಇರ್ಲಿ. ಚುಕ್ಕೆ ಸಣ್ಣದಾದಷ್ಟೂ ಗಂಭೀರ. ಮೂರನೇದು ಗೀಟಿಂದು, ಇದರಲ್ಲಿ ಸ್ವಲ್ಪ ಜಾಗ್ರತೆ ಬೇಕು, ನಿನ್ನ ಕೌಂಟರಿಗೆ ಇಂಗ್ಲೆಂಡಿನವರು ಬರುದರಿಂದ. ಅವರಲ್ಲಿ ಗೀಟಿನ ಟೈ ಅಂದ್ರೆ ರೆಜಿಮೆಂಟು, ಕ್ಲಬ್ಬು, ಶಾಲೆಯ ಗುರುತು. ಕಡು ನೀಲಿ ಮತ್ತು ಮರೂನ್ ಅಗಲ ಗೀಟು ಬಂದ್ರೆ ಅದು ರಾಜನ ಕಾವಲಿನ ಗಾರ್ಡ್ಸ್ ಸೈನಿಕರದ್ದು. ಕೆಂಪು ಹಳದಿ ಗೀಟು ಲಾರ್ಡ್ಸ್ ಮೈದಾನದ ಎಂಸಿಸಿ ಕ್ರಿಕೆಟ್ ಕ್ಲಬ್ಬಿನವರದ್ದು, ಕ್ರಿಕೆಟ್ ಮ್ಯಾಚ್ ನೋಡುವಾಗ ಪೆವಿಲಿಯನ್ನಲ್ಲಿ ಕೂತ ಅಜ್ಜಂದಿರ ಕುತ್ತಿಗೆಯಲ್ಲಿ ನೀನೂ ನೋಡಿರ್ತಿ. ಗೊತ್ತಿಲ್ಲದೆ ಅದನ್ನು ಹಾಕಿದ್ರೆ ನೀವೂ ಅಲ್ಲಿ ಇದ್ದಿರಾ ಅಂತ ಪಾಪ ಪ್ರೀತಿಯಿಂದಲೇ ಕೇಳ್ತಾರೆ, ಉತ್ತರ ಕೊಡ್ಲಿಕ್ಕೆ ನಿನಗೆ ಕಷ್ಟ. ಅಲ್ಲಿನವರ ಗೀಟು, ಹಾಕಿಕೊಂಡವರ ಎಡ ಹೆಗಲಿಂದ ಬಲಕ್ಕೆ ಇಳೀತದೆ, ಅಮೆರಿಕದ ಬ್ರೂಕ್ಸ್ ಬ್ರದರ್ಸ್ ಅಂತ ಬಟ್ಟೆ ಕಂಪೆನಿಯವರು ದಿಕ್ಕನ್ನೇ ತಿರುಗಿಸಿ ಬಲ ಹೆಗಲಿಂದ ಎಡಕ್ಕೆ ಮಾಡಿದರು, ಆ ದಿಕ್ಕಿನದ್ದು ಹಾಕಿದ್ರೆ ರಗಳೆ ಕಮ್ಮಿ.

ನಾಲ್ಕನೇದು ಹೆಣೆದ ಟೈ, ನಿಟೆಡ್ ಅಂತಾರಲ್ಲ, ತುದಿ ಚೂಪಿಲ್ಲದೆ ಚೌಕ ಇರುವಂಥದ್ದು. ಭಾನುವಾರದ ಡ್ಯೂಟಿಗೆ, ಸ್ವಲ್ಪ ಹಗುರ ಕಾಣ್ತದೆ. ಅದನ್ನು ತೂಗ್ಹಾಕ್ಬೇಡ, ಉದ್ದ ಎಳ್ಕೊಳ್ತದೆ, ಸುತ್ತಿ ಇಡು. ಐದನೇದು ಮಾವಿನಕಾಯಿ ಬುಟ್ಟಾದ್ದು. ಲೋಕ ಎಲ್ಲ ಪೇಸ್ಲಿ ಅಂತದೆ, ಅದು ಸ್ಕಾಟ್ಲೆಂಡಿನ ಊರಿನ ಹೆಸರು, ಅಲ್ಲಿಯವರು ಕಾಶ್ಮೀರದ ಶಾಲಿನ ಬುಟ್ಟಾ ನೋಡಿ ನಕಲು ನೇಯ್ದರು, ಹೆಸರು ಮಾತ್ರ ಅವರ ಊರಿಂದೇ ಆಯ್ತು. ಬೇಕಿದ್ರೆ ತೆಗೋ, ಅವಸರ ಇಲ್ಲ. ಹೊಳೆಯುವ ಸ್ಯಾಟಿನ್ ಮಾತ್ರ ಬೇಡ, ನಿನ್ನ ಲಾಬಿಯ ಲೈಟಿಗೆ ಕನ್ನಡಿ ಹಾಗೆ ಮಿಂಚ್ತದೆ.

ಆರನೇದರ ಬಗ್ಗೆ ನನಗೊಂದು ಆಸೆ ಉಂಟು. ಅಜ್ಜಿಯ ಕಾಸರಗೋಡು ಸೀರೆ, ವಿದ್ಯಾನಗರದ ಮಗ್ಗದ್ದು, ಆ ನೀಲಿ ಚೌಕುಳಿಯದ್ದು, ಸೆರಗು ಹರಿದಿದೆ ಆದ್ರೆ ಒಡಲು ಗಟ್ಟಿ ಉಂಟು, ಎಷ್ಟು ಒಗೆದ್ರೂ ಬಣ್ಣ ಹೋಗ್ಲಿಲ್ಲ. ಅದನ್ನು ಓರೆಗೆ ಕತ್ತರಿಸಿ ಒಂದು ಹತ್ತಿ ಟೈ ಮಾಡಿದ್ರೆ ಬೇಸಿಗೆಗೆ ಭಾರೀ ಲಾಯ್ಕಾಗ್ತದೆ. ನನ್ನ ಹಳೇ ಟೈ ಒಂದನ್ನು ಬಿಚ್ಚಿ ಅಳತೆ ತೆಗೆದು ಇಟ್ಟಿದ್ದೇನೆ, ಕತ್ತರಿ ಹಾಕುದು ನೀನು ಹೂಂ ಅಂದ ಮೇಲೆಯೇ.

ಅಳತೆ ಅಂದಾಗ ನೆನಪಾಯ್ತು, ಗಂಡಸರ ಟೈ ಸುಮಾರು 147 ಸೆಂಟಿಮೀಟರ್ ಉದ್ದ, ಎಂಟು ಸೆಂಟಿಮೀಟರ್ ಅಗಲ ಇರ್ತದೆ. ನೀನು ಐದು ಅಡಿ ಒಂದಿಂಚು. ಅಗಲ ಆರೂವರೆ ಏಳರ ಒಳಗೆ ನೋಡು, ನಿನ್ನ ಕೋಟಿನ ಕಾಲರಿಗೆ ಅದು ಸರಿಹೋಗ್ತದೆ. ಉದ್ದಕ್ಕೆ ಉಪಾಯ ಗಂಟಲ್ಲಿ ಉಂಟು. ಅಗಲದ ತುದಿಯನ್ನು ಸಪೂರದ ಮೇಲಿಂದ ದಾಟಿಸಿ, ಅಡಿಯಿಂದ ತಂದು, ಪುನಃ ಮೇಲಿಂದ ದಾಟಿಸಿ, ಕುತ್ತಿಗೆ ಹತ್ತಿರ ಕೆಳಗಿಂದ ಮೇಲೆ ತೆಗೆದು, ಎದುರಿನ ಸುತ್ತಿನ ಒಳಗೆ ಇಳಿಸುದು, ಇದು ಫೋರ್ ಇನ್ ಹ್ಯಾಂಡ್. ನೀನು ಆ ಸುತ್ತನ್ನು ಎರಡು ಸಲ ಹಾಕು, ಉದ್ದ ಅಷ್ಟು ಒಳಗೆ ಹೋಗ್ತದೆ, ಗಂಟು ತುಂಬ ದಪ್ಪ ಆಗುದಿಲ್ಲ, ತುದಿ ಬೆಲ್ಟಿನ ಬಕಲಿಗೆ ಬಂದು ನಿಲ್ತದೆ. ಬಿಗಿ ಮಾಡುವ ಮೊದಲು ಗಂಟಿನ ಕೆಳಗೆ ತೋರುಬೆರಳು ಒತ್ತು, ಒಂದು ಗುಳಿ ಬೀಳ್ತದೆ, ಆ ಗುಳಿ ಇದ್ರೇ ಟೈಗೆ ಜೀವ. ಗಂಟು ಸ್ವಲ್ಪ ಓರೆ ನಿಲ್ತದೆ, ಇರ್ಲಿ, ಅದರ ಗುಣವೇ ಹಾಗೆ. 1999ರಲ್ಲಿ ಕೇಂಬ್ರಿಡ್ಜಿನ ಥಾಮಸ್ ಫಿಂಕ್, ಯೋಂಗ್ ಮಾವೋ ಅನ್ನುವ ಇಬ್ಬರು ಭೌತಶಾಸ್ತ್ರದವರು ಲೆಕ್ಕ ಹಾಕಿ ಟೈ ಕಟ್ಟಲಿಕ್ಕೆ 85 ದಾರಿ ಉಂಟು ಅಂತ ನೇಚರ್ ಪತ್ರಿಕೆಯಲ್ಲಿ ತೋರಿಸಿದ್ರು, ನಾನು ಅಂಗಡಿಯಲ್ಲಿ ಕಟ್ಟಿದ್ದು ಬರೀ ನಾಲ್ಕು.

ಇನ್ನೊಂದು, ಹೆಂಗಸರ ಶರ್ಟಿನ ಕಾಲರ್ ಸುಮಾರು ಕಡೆ ಟೈಗೆ ಅಂತ ಹೊಲಿದಿರುದಿಲ್ಲ, ಮೇಲಿನ ಬಟನ್ ಹಾಕಿದ್ರೆ ಉಸಿರು ಕಟ್ಟುದು, ಇಲ್ಲಾಂದ್ರೆ ಕಾಲರ್ ಎದ್ದು ನಿಲ್ಲುದು. ರೆಡಿಮೇಡ್ ನಂಬ್ಬೇಡ. ಬಟನ್ ಹಾಕಿದ ಮೇಲೆ ಒಂದು ಬೆರಳು ಒಳಗೆ ಹೋಗುವ ಹಾಗೆ ನಾಲ್ಕು ಶರ್ಟ್ ಹೊಲಿಸು, ದುಡ್ಡು ನಾನು ಹಾಕ್ತೇನೆ.

ಜಾಗ್ರತೆ ಮಾಡುದರಲ್ಲಿ ಒಂದು ವಿಷಯ ನಾನು ನಷ್ಟ ಮಾಡಿಕೊಂಡು ಕಲಿತದ್ದು. ಅಂಗಡಿ ಸೇರಿ ಎರಡನೇ ವರ್ಷ, ಗಿರಾಕಿಯೊಬ್ಬರು ಹೊಸ ಟೈ ಹಾಕಿ ನೋಡುವಾಗ ಅವರ ಚಹಾದ ಒಂದು ಹನಿ ಬಿತ್ತು, ನಾನು ಗಡಿಬಿಡಿಯಲ್ಲಿ ಒದ್ದೆ ಬಟ್ಟೆ ತಂದು ಉಜ್ಜಿದೆ. ಹನಿಯಷ್ಟಿದ್ದ ಕಲೆ ಅಂಗೈಯಷ್ಟಾಯ್ತು, ನೀರಿನ ಗೆರೆ ಹೋಗ್ಲೇ ಇಲ್ಲ. ಟೈಯ ಇಡೀ ಬೆಲೆ ನನ್ನ ಸಂಬಳದಲ್ಲಿ ಹಿಡಿದರು. ಆ ತಿಂಗಳು ಮನೆಗೆ ಕಳಿಸಿದ್ದು ಸಾಕಾಗದೆ ಅಮ್ಮ ಹಳತು ಮಾಡಿ ಮಾರ್ಲಿಕ್ಕೆ ಇಟ್ಟ ಅಡಿಕೆಯನ್ನು ಹೊಸತರ ರೇಟಿಗೇ ಕೊಟ್ಟು ನಿನ್ನ ಶಾಲೆ ಫೀಸು ಕಟ್ಟಿದಳು, ಇದನ್ನು ನಿನಗೆ ಇದುವರೆಗೆ ನಾವು ಹೇಳ್ಲಿಲ್ಲ. ಹಾಗಾಗಿ ಕೇಳು, ಕಲೆ ಬಿದ್ರೆ ಒಣ ಬಟ್ಟೆಯಲ್ಲಿ ಮೆಲ್ಲ ಒತ್ತಿ ತೆಗಿ, ಉಜ್ಜಬೇಡ, ನೀರು ಹಾಕ್ಬೇಡ. ಇಸ್ತ್ರಿ ಪೆಟ್ಟಿಗೆ ತಾಗಿಸ್ಬೇಡ, ಆವಿ ಸಾಕು. ಬಿಚ್ಚುವಾಗ ಸಪೂರ ತುದಿಯನ್ನು ಸರ್ರಂತ ಎಳೀಬೇಡ, ಕಟ್ಟಿದ ದಾರಿಯಲ್ಲೇ ಹಿಂದೆ ಬಾ. ಒಂದೇ ಟೈಯನ್ನು ದಿನಾ ಹಾಕ್ಬೇಡ, ಒಂದು ದಿನ ತೂಗುಬಿಟ್ರೆ ಸುಕ್ಕು ತಾನೇ ಹೋಗ್ತದೆ. ಸೆಂಟ್ ಹೊಡಿಯುದು ಟೈ ಹಾಕುವ ಮೊದಲು. ಇಲ್ಲಿಗೆ ಮಳೆಗಾಲದಲ್ಲಿ ಬರುವಾಗ ಟೈ ತರಲೇಬೇಡ, ನಮ್ಮ ಕಪಾಟಲ್ಲಿ ಬೂಸ್ಟು ಹಿಡೀತದೆ. ನನ್ನವನ್ನು ಡಬ್ಬಿಯಲ್ಲಿ ಲಾವಂಚದ ಬೇರು ಹಾಕಿಟ್ಟು, ಬಿಸಿಲು ಬಂದ ದಿನ ನೆರಳಲ್ಲಿ ಗಾಳಿಗೆ ಹಾಕ್ತೇನೆ.

ನೀನು ಯುಕೆಜಿಗೆ ಹೋಗುವಾಗ ಎಲಾಸ್ಟಿಕಿನ ಕೆಂಪು ಟೈ ಇತ್ತು ನೆನಪುಂಟಾ? ಅಮ್ಮ ತಲೆ ಮೇಲಿಂದ ಹಾಕ್ತಿದ್ದಳು, ನೀನು ಶಾಲೆ ಬಸ್ಸಲ್ಲಿ ಅದನ್ನು ಕಚ್ಚಿ ಕಚ್ಚಿ ತುದಿ ಹರಿದಿದ್ದಿ ಅಂತ ಕಾಗದದಲ್ಲಿ ಬರೀತಿದ್ದಳು. ಆ ಹೊತ್ತಿಗೆ ನಾನು ಅಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಜನರ ಕುತ್ತಿಗೆಗೆ ಟೈ ಕಟ್ಟಿ ಕನ್ನಡಿ ಎದುರು ನಿಲ್ಲಿಸ್ತಿದ್ದೆ. ನಿನಗೆ ಒಂದು ದಿನ ಕಟ್ಲಿಲ್ಲ. ಅದು ನನಗೆ ಈಗಲೂ ಬೇಜಾರು ಪುಟ್ಟಿ.

ನಾಳೆ ಕುಂಬಳೆಯಿಂದ ಪಾರ್ಸೆಲ್ ಹಾಕ್ತೇನೆ. ಅದರಲ್ಲಿ ಕಡು ನೀಲಿ ಗ್ರೆನಡೀನ್ ಟೈ ಉಂಟು, ಅಂಗಡಿ ಬಿಡುವ ವರ್ಷ ನಾನು ನನಗೆ ಅಂತ ತೆಗೊಂಡದ್ದು, ಹಾಕಿದ್ದು ಎರಡೇ ಸಲ. ಅಗಲ ಏಳೂವರೆ, ನಿನಗೆ ಒಂದು ಚೂರು ಜಾಸ್ತಿಯೇ, ಮೊದಲನೇದಕ್ಕೆ ನಡೀತದೆ. ಭಾನುವಾರ ಸಂಜೆ ಡ್ಯೂಟಿ ಇಲ್ಲದಿದ್ರೆ ವಿಡಿಯೋ ಕಾಲ್ ಮಾಡು, ಬಿಳಿ ಶರ್ಟ್ ಹಾಕಿ ಕನ್ನಡಿ ಎದುರು ನಿಲ್ಲು, ನಾನೂ ಇಲ್ಲಿ ಒಂದು ಹಿಡ್ಕೊಂಡು ನಿಲ್ತೇನೆ, ಒಟ್ಟಿಗೆ ಕಟ್ಟುವ. ಅದೇ ಪಾರ್ಸೆಲಲ್ಲಿ ಅಮ್ಮ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟಿದ್ದಾಳೆ, ಎರಡು ಪ್ಲಾಸ್ಟಿಕ್ ಹಾಕಿ ಕಟ್ಟಿದ್ದೇನೆ ಆದ್ರೂ ಬಾಕ್ಸ್ ಬಿಚ್ಚಿದ ಕೂಡಲೇ ಮೊದಲು ಟೈ ಹೊರಗೆ ತೆಗಿ.

ಅಪ್ಪ