ಸ್ವಯಂ ಉತ್ತರ ಸೇವೆಯಿಂದಾದ ತಪ್ಪು ಮತ್ತು ಸೇವೆ ನಿಲ್ಲದಿರುವ ಬಗ್ಗೆ ದೂರು

ಇವರಿಂದ:
ಪುಟ ನಿರ್ವಾಹಕರು,
ಬಟ್ಟೆ ಅಂಗಡಿ, ಮಂಡಿಪೇಟೆ, ದಾವಣಗೆರೆ

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಮ್ಮ ಅಂಗಡಿಯ ಫೇಸ್‌ಬುಕ್ ಪುಟದಲ್ಲಿ ಕಾಮೆಂಟುಗಳಿಗೆ ಉತ್ತರಿಸುವ ಕೆಲಸವನ್ನು ನಿಮ್ಮ ಸಾಫ್ಟ್‌ವೇರ್‌ಗೆ ವಹಿಸಿದ್ದೆವು. ಅಂಗಡಿಯ ಹಿರಿಯರು ಲಿಂಗೈಕ್ಯರಾದಾಗ ಹಾರ ಹಾಕಿದ ಫೋಟೊದೊಂದಿಗೆ ಪುಟದಲ್ಲಿ ಸುದ್ದಿ ಹಾಕಲಾಯಿತು. ಕೆಳಗೆ ಒಬ್ಬರು ‘ಮಣ್ಣು ಎಷ್ಟೊತ್ತಿಗೆ?’ ಎಂದು ಕೇಳಿದರು. ‘ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ತೆರೆದಿರುತ್ತೇವೆ, ತಪ್ಪದೇ ಬನ್ನಿ!’ ಎಂದು ನಮ್ಮ ಹೆಸರಲ್ಲಿ ಉತ್ತರ ಹೋಯಿತು. ಕೈಮುಗಿದ ಇಮೋಜಿ ಹಾಕಿದವರಿಗೆಲ್ಲ ‘ನಿಮ್ಮ ಪ್ರೀತಿಗೆ ಧನ್ಯವಾದ, ಹೊಸ ಸ್ಟಾಕ್ ಬಂದಿದೆ’.

ಇದು ಒಂದು ದಿನದ ಎಡವಟ್ಟಲ್ಲ, ನಿಯಮ ಬರೆದಿರುವ ರೀತಿಯಲ್ಲೇ ದೋಷವಿದೆ. ನಿಮ್ಮ ವ್ಯವಸ್ಥೆ ಕಾಮೆಂಟಿನ ಪದಗಳನ್ನಷ್ಟೇ ಓದುತ್ತದೆ, ಅದು ಯಾವ ಪೋಸ್ಟಿನ ಕೆಳಗಿದೆ ಎಂದು ನೋಡುವುದಿಲ್ಲ. ‘ಎಷ್ಟೊತ್ತಿಗೆ’ ಎಂದು ಕಂಡರೆ ಅಂಗಡಿ ಸಮಯ, ಕೈಮುಗಿದರೆ ವಂದನೆ, ‘ಸಕ್ಕತ್’ ಎಂದರೆ ಹೊಗಳಿಕೆ. ‘ಸಕ್ಕತ್ ಮೋಸ, ಒಂದೇ ಒಗೆತಕ್ಕೆ ಬಣ್ಣ ಬಿಡ್ತು’ ಎಂದು ದೂರಿದವರಿಗೂ ಧನ್ಯವಾದವೇ ಹೋಗಿದೆ. ಬಣ್ಣ ಬಿಟ್ಟ ಸೀರೆಯನ್ನು ಬದಲಿಸಿ ಕೊಡಬಹುದು. ಸಾವಿನ ಮನೆಯವರ ಕಣ್ಣಿಗೆ ಬಿದ್ದ ಆ ಮಾತನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದು?

ಅದಕ್ಕಿಂತ ಗಂಭೀರವಾದದ್ದು, ನಿಲ್ಲಿಸಿದರೂ ನಿಲ್ಲಲಿಲ್ಲ. ‘ವಿರಾಮ’ ಒತ್ತಿದ ಮೇಲೂ ಸರದಿಯಲ್ಲಿದ್ದ ಆರು ಉತ್ತರಗಳು ಹೋದವು. ಫೋನಿನಿಂದ ಆ್ಯಪ್ ತೆಗೆದರೂ ಪ್ರಯೋಜನವಾಗಲಿಲ್ಲ, ಕೆಲಸ ನಡೆಯುವುದು ನಿಮ್ಮ ಸರ್ವರ್‌ನಲ್ಲಿ. ಫೇಸ್‌ಬುಕ್‌ನ ದೀರ್ಘಾವಧಿ ಬಳಕೆದಾರ ಟೋಕನ್ (ನಮ್ಮ ಪರವಾಗಿ ಕೆಲಸ ಮಾಡಲು ಹೊರಗಿನ ಸೇವೆಗೆ ಸಿಗುವ ಡಿಜಿಟಲ್ ಕೀಲಿ) ಸುಮಾರು 60 ದಿನ ಬಾಳುತ್ತದೆ. ಅದರಿಂದ ಪಡೆದ ಪುಟದ ಟೋಕನ್‌ಗೆ ಇಂತಿಷ್ಟೇ ದಿನ ಎಂಬ ಗಡುವೂ ಇಲ್ಲ. ಕೊನೆಗೆ ಫೇಸ್‌ಬುಕ್ ಸೆಟ್ಟಿಂಗ್ಸ್‌ನ ‘ಬ್ಯುಸಿನೆಸ್ ಇಂಟಿಗ್ರೇಶನ್ಸ್’ಗೆ, ಅಂದರೆ ಖಾತೆಗೆ ಜೋಡಿಸಿದ ಹೊರಗಿನ ಸೇವೆಗಳ ಪಟ್ಟಿಗೆ ಹೋಗಿ ನಿಮ್ಮ ಹೆಸರನ್ನು ತೆಗೆದುಹಾಕಿದ ಮೇಲಷ್ಟೇ ನಿಂತಿತು. ಈ ಒಂದು ಸಾಲು ನಿಮ್ಮ ಸಹಾಯ ಪುಟದಲ್ಲಿ ಎಲ್ಲೂ ಇಲ್ಲ. ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಮ್ಮ ಸೇವೆಯನ್ನು ಪುಟಕ್ಕೆ ಜೋಡಿಸುವಾಗ ಎರಡು ಸಲ ಒತ್ತಿದ್ದೇ ಸಾಕಾಗಿತ್ತು.

ಆದ್ದರಿಂದ ‘ವಿರಾಮ’ ಒತ್ತಿದ ಕೂಡಲೇ ಸರದಿ ಖಾಲಿಯಾಗಬೇಕು, ಸೇವೆ ಬಿಟ್ಟ ದಿನವೇ ನಿಮ್ಮಲ್ಲಿರುವ ಟೋಕನ್ ಅಳಿಯಬೇಕು. ಉತ್ತರವನ್ನು ಯಂತ್ರ ಕರಡು ಮಾಡಿಡಲಿ, ಕಳಿಸುವುದು ನಿರ್ವಾಹಕರು ಓದಿ ಒಪ್ಪಿದ ಮೇಲೆ. ಯಾವುದೇ ಒಂದು ಪೋಸ್ಟಿಗೆ ಮಾತ್ರ ಸ್ವಯಂ ಉತ್ತರ ಬೇಡ ಎನ್ನುವ ಗುಂಡಿಯೂ ಬೇಕು. ಸಂದೇಶ ಓದುವ ಅನುಮತಿಯನ್ನೂ ನೀವು ಪಡೆದಿದ್ದಿರಿ. ಇನ್‌ಬಾಕ್ಸ್‌ನಲ್ಲಿ ಗ್ರಾಹಕರು ಬರೆದ ಫೋನ್ ನಂಬರ್, ಮನೆ ವಿಳಾಸ, ರವಿಕೆಯ ಅಳತೆ ಎಲ್ಲ ಇವೆ. ಅವುಗಳ ಪ್ರತಿ ನಿಮ್ಮಲ್ಲಿ ಎಲ್ಲೆಲ್ಲಿ ಉಳಿದಿದೆ, ಯಾವಾಗ ಅಳಿಸಿದಿರಿ ಎಂದು ಲಿಖಿತವಾಗಿ ತಿಳಿಸಿ. ನಾವು ಮುಂಗಡವಾಗಿ ಕಟ್ಟಿದ್ದರಲ್ಲಿ ಬಳಸದೆ ಉಳಿದ ಏಳು ತಿಂಗಳ ಶುಲ್ಕವನ್ನೂ ಹಿಂದಿರುಗಿಸಬೇಕು.

ಸ್ಕ್ರೀನ್‌ಶಾಟ್‌ಗಳು ಮತ್ತು ಪಾವತಿ ರಸೀದಿಯನ್ನು ಲಗತ್ತಿಸಿದೆ. 15 ದಿನಗಳೊಳಗೆ ಉತ್ತರ ಬರಬೇಕು, ಅದನ್ನು ಬರೆಯುವವರು ನಿಮ್ಮ ಸಿಬ್ಬಂದಿಯೇ ಆಗಿರಬೇಕು.

ಇತಿ,
ಪುಟ ನಿರ್ವಾಹಕರು