ಡಿಶ್‌ವಾಷರ್ ಕೊಳ್ಳುವ ಮೊದಲು ವೋಲ್ಟೇಜ್ ಅಳೆಯಿರಿ

ಮಾನ್ಯ ಸಂಪಾದಕರೇ,

ಮುಸುರೆ ತಿಕ್ಕಲು ಜನ ಸಿಗುವುದಿಲ್ಲವೆಂದು ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಹೋಮ್‌ಸ್ಟೇಯವರು ಹೋಟೆಲ್ ಮಾದರಿಯ ಡಿಶ್‌ವಾಷರ್ ತರಿಸುತ್ತಿದ್ದಾರೆ. ತಂದ ಮೇಲೆ ‘ತಟ್ಟೆ ಜಿಡ್ಡಾಗಿಯೇ ಬರುತ್ತದೆ, ಒಣಗುವುದಿಲ್ಲ’ ಎಂಬ ದೂರು. ಹೆಚ್ಚಿನ ಸಲ ತಪ್ಪು ಯಂತ್ರದ್ದಲ್ಲ, ಅದಕ್ಕೆ ಸಿಗುವ ಕರೆಂಟು ಮತ್ತು ನೀರಿನದು.

ಈ ಯಂತ್ರ ಎರಡು ಬಿಸಿಯನ್ನು ನೆಚ್ಚಿಕೊಂಡಿದೆ. ತೊಟ್ಟಿಯ ಸೋಪಿನ ನೀರು 55ರಿಂದ 65 ಡಿಗ್ರಿ ಇರಬೇಕು. ಅದು ಜಿಡ್ಡು ಬಿಡಿಸುತ್ತದೆ. ಕೊನೆಗೆ ಗಲಬರಿಸುವ ನೀರು 82ರಿಂದ 85 ಡಿಗ್ರಿ. ರೋಗಾಣು ಸಾಯುವುದೂ ತಟ್ಟೆ ತಾನಾಗಿ ಒಣಗುವುದೂ ಇದರಿಂದಲೇ. ಆಷಾಢದಲ್ಲಿ ಒಣಬಟ್ಟೆಯೇ ಸಿಗದ ನಮ್ಮ ಕಡೆ, ಒದ್ದೆ ಚೌಕದಲ್ಲಿ ಒರೆಸಿಟ್ಟ ತಟ್ಟೆ ಮಾರನೇ ದಿನ ಮುಗ್ಗಲು ನಾರುತ್ತದೆ.

ಮಳೆಗಾಲದಲ್ಲಿ ವೋಲ್ಟೇಜ್ ಕುಸಿದಾಗ ಈ ಎರಡನೇ ಬಿಸಿಗೇ ಕುತ್ತು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ವೋಲ್ಟಿನಲ್ಲಿ 3 ಕಿಲೋವ್ಯಾಟ್ ಕೊಡುವ ಹೀಟರು 180 ವೋಲ್ಟಿಗೆ ಬಂದರೆ ಸುಮಾರು 1.8 ಕಿಲೋವ್ಯಾಟ್ ಅಷ್ಟೇ. 3 ಲೀಟರ್ ನೀರನ್ನು 25ರಿಂದ 85 ಡಿಗ್ರಿಗೆ ಏರಿಸಲು ನಾಲ್ಕು ನಿಮಿಷ ಸಾಕಾಗುತ್ತಿದ್ದುದು ಏಳು ನಿಮಿಷ ಹಿಡಿಯುತ್ತದೆ. ಬಿಸಿಯಾಗುವತನಕ ಕಾಯುವ ವ್ಯವಸ್ಥೆ ಇರುವ ಯಂತ್ರವಾದರೆ ಕೆಲಸ ನಿಧಾನವಾಗುತ್ತದೆ, ಅಷ್ಟೇ. ಅದಿಲ್ಲದ್ದು ಸರಿಯಾಗಿ ಕಾಯದ ನೀರನ್ನೇ ಹುಯ್ದು ‘ಮುಗಿಯಿತು’ ಎಂದು ದೀಪ ತೋರಿಸುತ್ತದೆ. ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಪರೀಕ್ಷೆಯೂ ಸುಲಭ: ಗರಿಷ್ಠ ಬಿಸಿಯನ್ನು ಹಿಡಿದಿಡುವ ಥರ್ಮಾಮೀಟರನ್ನು ತಟ್ಟೆಗಳ ನಡುವೆ ಇಟ್ಟು ಒಂದು ಸುತ್ತು ಓಡಿಸಿ. ತಟ್ಟೆಯ ಮೈಗೆ ಕನಿಷ್ಠ 71 ಡಿಗ್ರಿ ತಾಗಿರಬೇಕು.

6 ಕಿಲೋವ್ಯಾಟಿನ ಯಂತ್ರ ಸಿಂಗಲ್ ಫೇಸಿನಲ್ಲಿ 26 ಆಂಪಿಯರ್ ಎಳೆಯುತ್ತದೆ. ಅದನ್ನು ಗ್ರೈಂಡರಿನ 16 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸುವುದು ಬೆಂಕಿಗೆ ದಾರಿ. ಬೋರ್ಡಿನಿಂದಲೇ 6 ಚದರ ಮಿಲಿಮೀಟರಿನ ತಾಮ್ರದ ತಂತಿ, 32 ಆಂಪಿಯರ್ ಎಂಸಿಬಿ (ಕರೆಂಟು ಮಿತಿಮೀರಿದರೆ ಕಡಿಯುವ ಸ್ವಿಚ್ಚು), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಬೇಕೇ ಬೇಕು.

ಇನ್ನು ನೀರು. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಮೆದು, ಬಯಲುಸೀಮೆಯ ಬೋರಿನ ನೀರಿನ ಹಾಗೆ ಸುಣ್ಣ ಕಟ್ಟುವುದಿಲ್ಲ. ಆದರೆ ಮಳೆ ಹಿಡಿದರೆ ಕೆಂಪು ರಾಡಿ, ಎಲೆಚೂರು ಜೊತೆಗೇ ಬಂದು ಪೈಪಿನ ಬಾಯಿಯ ಸಣ್ಣ ಜಾಲರಿಯಲ್ಲೂ ನೀರು ಚಿಮ್ಮುತ್ತ ತಿರುಗುವ ತೋಳಿನ ತೂತುಗಳಲ್ಲೂ ಕೂರುತ್ತವೆ. ಯಂತ್ರಕ್ಕೆ ಮೊದಲೊಂದು ಫಿಲ್ಟರ್ ಹಾಕಿಸಿ. ಒತ್ತಡವನ್ನೂ ನೋಡಿ: ಒಳಗೆ ಗಲಬರಿಸುವ ಪಂಪಿಲ್ಲದ ಯಂತ್ರಗಳು ಸಾಮಾನ್ಯವಾಗಿ 2 ಬಾರ್ ಕೇಳುತ್ತವೆ, ಅಂದರೆ 20 ಮೀಟರ್ ಎತ್ತರದ ನೀರು. ಮನೆ ಮೇಲಿನ ಟ್ಯಾಂಕಿ ಕೊಡುವುದು ಅರ್ಧ ಬಾರ್ ಕೂಡ ಇಲ್ಲ.

ಕಡುಬು, ಅನ್ನದ ಗಂಜಿ, ಮೊಟ್ಟೆ ಅಂಟಿದ ತಟ್ಟೆಗಳನ್ನು ಕೆರೆದು, ತಣ್ಣೀರಿನಲ್ಲಿ ಒಮ್ಮೆ ತೊಳೆದೇ ಒಳಗಿಡಬೇಕು. ಮೊದಲೇ ಬಿಸಿನೀರು ಬಿದ್ದರೆ ಅವು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಕೈಯಲ್ಲಿ ತೊಳೆಯುವ ಲಿಕ್ವಿಡ್ಡನ್ನು ಒಂದು ಚಮಚವೂ ಹಾಕಬೇಡಿ. ನೊರೆ ಎದ್ದು ಪಂಪು ಗಾಳಿ ಹೀರುತ್ತದೆ, ತೋಳು ತಿರುಗುವುದೇ ನಿಲ್ಲುತ್ತದೆ. ಯಂತ್ರದ ಸೋಪು ಕ್ಷಾರದ್ದು, ಅಲ್ಯೂಮಿನಿಯಂ ಪಾತ್ರೆ ಒಂದೇ ಸಲಕ್ಕೆ ಕಪ್ಪಾದೀತು. ಹಿತ್ತಾಳೆ ಚೊಂಬು, ಮರದ ಸೌಟು, ಕಬ್ಬಿಣದ ಕಾವಲಿ ಕೈಯಲ್ಲೇ ಆಗಲಿ. ರಾತ್ರಿ ತೊಟ್ಟಿ ಬಸಿದು, ಜಾಲರಿ ತೊಳೆದು, ಬಾಗಿಲನ್ನು ಓರೆಯಾಗಿ ತೆರೆದಿಡಿ.

ಹೊರಹೋಗುವ ನೀರಿನ ಬಗ್ಗೆ ಒಂದು ಕಳಕಳಿ. ಆ ಬಿಸಿ ಕ್ಷಾರದ ನೀರನ್ನು ತೋಟದ ಬಸಿಗಾಲುವೆಗೋ ಹಳ್ಳಕ್ಕೋ ಬಿಡಬೇಡಿ. ಕೆಳಗಿನ ಮನೆಯವರು ಅದೇ ಹಳ್ಳದ ನೀರು ಕುಡಿಯುತ್ತಾರೆ. ಜಿಡ್ಡು ತಡೆಯುವ ತೊಟ್ಟಿ ದಾಟಿಸಿ, ಹಳ್ಳ–ಬಾವಿಗಳಿಂದ ದೂರದ ಇಂಗುಗುಂಡಿಗೆ ಬಿಡಿ.

ಯಂತ್ರ ಮಾರುವವರಲ್ಲಿ ಒಂದು ವಿನಂತಿ: ಊರೆಲ್ಲ ದೀಪ ಹಚ್ಚುವ ಸಂಜೆ ಏಳರ ಹೊತ್ತಿಗೆ ಗಿರಾಕಿಯ ಅಡುಗೆಮನೆಗೇ ಬಂದು ವೋಲ್ಟೇಜ್ ಮತ್ತು ನೀರಿನ ಒತ್ತಡ ಅಳೆದು, ಆ ಅಂಕಿಗಳನ್ನು ಕೊಟೇಶನ್ನಿನಲ್ಲೇ ಬರೆದುಕೊಡಿ.

– ಓದುಗರು, ತೀರ್ಥಹಳ್ಳಿ ತಾಲ್ಲೂಕು